ಈ ಮನೆ ಯಾರದು? – ಇಂಗ್ಲಿಷ್ ಕಾದಂಬರಿಗಾರ್ತಿಯರೂ ನಮ್ಮ ತ್ರಿವೇಣಿಯೂ

ಪ್ಲಸ್ ಒನ್ ಓದುತ್ತಿರುವ ನನ್ನ ಮೊಮ್ಮಗಳು ಕಳೆದ ಬೇಸಿಗೆಯ ರಜದಲ್ಲಿ 'ಜೇನ್ ಐರ್' ಕಾದಂಬರಿಯನ್ನು ಹಿಡಿದು ಕೂತಳು. ಊಟಕ್ಕೆ ಕರೆದರೆ ಏಳಲಿಲ್ಲ. ಕರೆಂಟು ಹೋದಾಗ ಕಿಟಕಿಯ ಬಳಿಗೆ ಸರಿದು ಓದಿದಳು. ಇಂಗ್ಲೆಂಡಿನ ಯಾರ್ಕ್‌ಷೈರಿನ ಪಾದ್ರಿಯೊಬ್ಬನ ಮಗಳು ಬರೆದು 1847ರಲ್ಲಿ ಅಚ್ಚಾದ ಪುಸ್ತಕ ಅಂಬತ್ತೂರಿನ ಹುಡುಗಿಗೆ ಊಟ ಮರೆಸಬೇಕಾದರೆ ಅದರಲ್ಲಿ ಏನೋ ಇರಲೇಬೇಕು. ಐವತ್ತು ವರ್ಷಗಳ ಹಿಂದೆ ಮೈಸೂರಿನಲ್ಲಿ ಬಿ.ಎ. ಓದುವಾಗ ಅದೇ ಪುಸ್ತಕ ನನ್ನ ನಿದ್ದೆಯನ್ನೂ ಕೆಡಿಸಿತ್ತು.

ಪುಸ್ತಕ ಮುಗಿಸಿದ ದಿನ ಅವಳು ಕೇಳಿದಳು: "ಅಜ್ಜಿ, ಆ ಅಟ್ಟದ ಮೇಲೆ ಕೂಡಿ ಹಾಕಿದ್ರಲ್ಲ ಆ ಹುಚ್ಚಿ, ಅವಳ ಕಥೇನ ಯಾರೂ ಹೇಳೋದೇ ಇಲ್ವಾ?" ನಾನು, "ನಮ್ಮಲ್ಲಿ ಒಬ್ರು ಹೇಳಿದಾರೆ ಕಣೇ" ಎಂದು ಬೀರುವಿನಿಂದ ತ್ರಿವೇಣಿಯವರ 'ಶರಪಂಜರ'ವನ್ನು ತೆಗೆದು ಕೊಟ್ಟೆ. ಹುಡುಗಿ ನಾಲ್ಕು ಪುಟ ತಿರುವಿ, ಪುಸ್ತಕವನ್ನು ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟಳು. ಅವಳಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಶಾಲೆಯಲ್ಲಿ ಕಲಿತದ್ದು ಇಂಗ್ಲಿಷು, ತಮಿಳು. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿ ಎಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಈ ಲೇಖನ ಆ ಸಂಜೆಯಿಂದ ಹುಟ್ಟಿದ್ದು.

ಜೇನ್ ಆಸ್ಟೆನ್, ಷಾರ್ಲೆಟ್ ಬ್ರಾಂಟೆ, ಜಾರ್ಜ್ ಎಲಿಯಟ್ ಇವರ ಕಾದಂಬರಿಗಳು ಇಷ್ಟು ಕಾಲ ಬಾಳಿರುವುದು ಅವುಗಳಲ್ಲಿರುವ ಪ್ರೇಮಕಥೆಯಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗಿದ್ದರೆ ಅದೇ ಕಾಲದ ಸಾವಿರಾರು ಪ್ರೇಮಕಥೆಗಳು ಏಕೆ ಉಳಿಯಲಿಲ್ಲ? ನನಗೆ ತೋರುವ ಮಟ್ಟಿಗೆ ಈ ಲೇಖಕಿಯರೆಲ್ಲರೂ ಪ್ರೇಮದ ಹಿಂದೆ ಇನ್ನೊಂದು ಪ್ರಶ್ನೆಯನ್ನು ಕೇಳುತ್ತಾರೆ: ಈ ಮನೆ ಯಾರದು? ಇದರ ಸೂರಿನ ಕೆಳಗೆ ಹೆಣ್ಣು ಯಾವ ಹಕ್ಕಿನ ಮೇಲೆ ನಿಂತಿದ್ದಾಳೆ? ಈ ಪ್ರಶ್ನೆ ಮುಗಿಯದಿರುವುದರಿಂದಲೇ ಆ ಪುಸ್ತಕಗಳೂ ಮುಗಿದಿಲ್ಲ.

ಮದರಾಸಿಗೂ ಜೇನ್ ಆಸ್ಟೆನ್ನಳಿಗೂ ಒಂದು ನಂಟಿದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಅವಳ ಸೋದರತ್ತೆ, ಎಂದರೆ ತಂದೆಯ ಅಕ್ಕ, ಫಿಲಡೆಲ್ಫಿಯ ತಂದೆತಾಯಿಯಿಲ್ಲದ ಹುಡುಗಿ. ಲಂಡನ್ನಿನಲ್ಲಿ ಹ್ಯಾಟು, ಟೋಪಿ ಮಾಡುವ ಅಂಗಡಿಯಲ್ಲಿ ಕೆಲಸ ಕಲಿತವಳು. ಆಸ್ತಿಯಿಲ್ಲದ ಹೆಣ್ಣಿಗೆ ಅಲ್ಲಿ ಗಂಡು ಸಿಗುವುದು ಕಷ್ಟ. ಕಂಪನಿ ಸರ್ಕಾರದ ಬಿಳಿಯರಿಗೆ ಇಲ್ಲಿ ಹೆಣ್ಣು ಸಿಗುವುದು ಕಷ್ಟ. ಹೀಗಾಗಿ 1752ರಲ್ಲಿ ಅವಳು ಹಡಗು ಹತ್ತಿ, ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು, ಮದರಾಸಿಗೆ ಬಂದಿಳಿದಳು. ಮರುವರ್ಷ ಕಡಲೂರಿನಲ್ಲಿ ಹ್ಯಾನ್‌ಕಾಕ್ ಎಂಬ ವೈದ್ಯನೊಡನೆ ಮದುವೆಯಾಯಿತು. ಜೇನ್ ಚಿಕ್ಕ ಹುಡುಗಿಯಾಗಿದ್ದಾಗ ಬರೆದು ಅರ್ಧಕ್ಕೆ ಬಿಟ್ಟ ಒಂದು ಕಥೆಯಲ್ಲೂ ಹೀಗೆ ಮದುವೆಗಾಗಿ ಬಂಗಾಳಕ್ಕೆ ಸಾಗಿಸಲ್ಪಟ್ಟ ಅನಾಥ ಹುಡುಗಿಯೊಬ್ಬಳು ಬರುತ್ತಾಳೆ. ತಲೆಯ ಮೇಲೊಂದು ಸೂರಿಗಾಗಿ ಹೆಣ್ಣು ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದು ಜೇನ್‌ಗೆ ಮನೆಯ ಮಾತಾಗಿತ್ತು.

1811ರಲ್ಲಿ ಅಚ್ಚಾದ ಅವಳ ಮೊದಲ ಪುಸ್ತಕ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'. ಮುಖಪುಟದ ಮೇಲೆ ಲೇಖಕಿಯ ಹೆಸರಿರಲಿಲ್ಲ. ಒಬ್ಬ ಮಹಿಳೆ ಬರೆದದ್ದು ಎಂದಷ್ಟೇ ಇತ್ತು. ಕಥೆಯ ಆರಂಭದಲ್ಲೇ ಮನೆಯ ಹಿರಿಯರು ತೀರಿಕೊಳ್ಳುತ್ತಾರೆ. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ, ಅವನ ನಂತರ ಅವನ ನಾಲ್ಕು ವರ್ಷದ ಮಗನಿಗೆ. ಎರಡನೆಯ ಹೆಂಡತಿಯೂ ಅವಳ ಮೂವರು ಹೆಣ್ಣುಮಕ್ಕಳೂ ತಮ್ಮ ಮನೆಯಲ್ಲೇ ಅತಿಥಿಗಳಾಗುತ್ತಾರೆ. ಸಾಯುವ ತಂದೆಗೆ ಮಾತು ಕೊಟ್ಟಿದ್ದ ಮಗ, ತಂಗಿಯರಿಗೆ ಮೂರು ಸಾವಿರ ಪೌಂಡು ಕೊಡಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಅವನ ಹೆಂಡತಿ ಬಾಯಿ ಹಾಕುತ್ತಾಳೆ. ಅಷ್ಟೇಕೆ, ಅರ್ಧ ಸಾಲದೆ? ಒಟ್ಟಿಗೆ ಏಕೆ, ಚಿಕ್ಕತ್ತೆಗೆ ವರ್ಷಕ್ಕಿಷ್ಟು ಎಂದು ಕೊಟ್ಟರಾಗದೆ? ಹಾಗೆ ಕೊಡುತ್ತ ಹೋದರೆ ಅವರು ಬಹಳ ಕಾಲ ಬದುಕಿಬಿಟ್ಟರೆ? ಆಗೊಮ್ಮೆ ಈಗೊಮ್ಮೆ ಏನಾದರೂ ಕೊಟ್ಟರಾಯಿತು! ಹೀಗೆ ಇಳಿಯುತ್ತ ಇಳಿಯುತ್ತ ಮೂರು ಸಾವಿರ ಪೌಂಡು, ಕೊನೆಗೆ ಸಾಮಾನು ಸಾಗಿಸಲು ಒಂದಿಷ್ಟು ಸಹಾಯ, ಕಾಲಕಾಲಕ್ಕೆ ಒಂದಿಷ್ಟು ಮೀನು, ಬೇಟೆಯ ಮಾಂಸ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಲೇಖಕಿ ಎಲ್ಲಿಯೂ ದನಿಯೇರಿಸುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಗಂಡಹೆಂಡಿರ ಮಾತನ್ನು ಹಾಗೆಯೇ ಕೇಳಿಸುತ್ತಾಳೆ. ಅಣ್ಣತಮ್ಮಂದಿರ ಪಾಲಿನ ಮಾತುಕತೆಗೆ ಒಮ್ಮೆಯಾದರೂ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟ ಹೆಣ್ಣುಮಗಳಿಗೆ ಈ ಅಧ್ಯಾಯ ಹಳೆಯದೆನಿಸಲಾರದು.

ಈ ಕಾದಂಬರಿಯನ್ನು ಆಧರಿಸಿ ರಾಜೀವ್ ಮೆನನ್ 2000ದಲ್ಲಿ 'ಕಂಡುಕೊಂಡೇನ್ ಕಂಡುಕೊಂಡೇನ್' ಎಂಬ ತಮಿಳು ಚಿತ್ರ ತೆಗೆದದ್ದು ನಿಮಗೆ ನೆನಪಿರಬಹುದು. ಇಂಗ್ಲೆಂಡಿನ ಬಂಗಲೆ ಚೆಟ್ಟಿನಾಡಿನ ದೊಡ್ಡ ಮನೆಯಾಯಿತು. ಮನೆ ಕಳೆದುಕೊಂಡ ತಾಯಿ, ಹೆಣ್ಣುಮಕ್ಕಳು ಮದರಾಸಿಗೆ ಬಂದು ಕೆಲಸ ಹುಡುಕಿದರು. ಕಥೆ ಒಂದಿಷ್ಟೂ ಪರದೇಶದ್ದು ಎನಿಸಲಿಲ್ಲ. ಇನ್ನೂರು ವರ್ಷಗಳ ಅಂತರ ದಾಟಲು ಪಾತ್ರಗಳ ಹೆಸರನ್ನೂ ಉಡುಪನ್ನೂ ಬದಲಾಯಿಸಿದರೆ ಸಾಕಾಯಿತು.

'ಪ್ರೈಡ್ ಅಂಡ್ ಪ್ರೆಜುಡಿಸ್' (1813) ಓದುವಾಗ ಎಲ್ಲರೂ ನಗುವುದು ಐವರು ಹೆಣ್ಣುಮಕ್ಕಳ ತಾಯಿಯಾದ ಬೆನೆಟ್ ಅಮ್ಮನನ್ನು ಕಂಡು. ಊರಿಗೆ ಯಾವ ಗಂಡು ಬಂದರೂ ಅಳಿಯನೆಂದೇ ನೋಡುವ ಹೆಂಗಸು. ಕಾಲೇಜಿನಲ್ಲಿ ನಾನೂ ಬಿದ್ದು ಬಿದ್ದು ನಕ್ಕಿದ್ದೆ. ಮುಂದೆ ಈ ಊರಿನಲ್ಲಿ ಕೂತು ಎರಡು ಹೆಣ್ಣುಮಕ್ಕಳಿಗೆ ಜಾತಕ ಹಿಡಿದು ಮೈಸೂರು, ಬೆಂಗಳೂರು ಎಂದು ಅಲೆದ ಮೇಲೆ ಅದೇ ಪುಸ್ತಕವನ್ನು ಮತ್ತೆ ಓದಿದೆ. ನಗು ಬಂತು, ಆದರೆ ಗಂಟಲಲ್ಲೇ ನಿಂತಿತು. ಗಂಡು ಸಂತಾನವಿಲ್ಲದ್ದರಿಂದ, ಗಂಡ ಕಣ್ಣು ಮುಚ್ಚಿದ ದಿನ ಆ ಮನೆ ದೂರದ ದಾಯಾದಿಗೆ ಸೇರುತ್ತದೆ. ಪುಸ್ತಕದ ಬುದ್ಧಿವಂತರೆಲ್ಲ ಅದನ್ನು ಮರೆತು ಚತುರವಾಗಿ ಮಾತನಾಡುತ್ತಿರುತ್ತಾರೆ. ಒಂದು ಗಳಿಗೆಯೂ ಮರೆಯದವಳು ಆ ಪೆದ್ದು ತಾಯಿ ಒಬ್ಬಳೇ. ಇಪ್ಪತ್ತಕ್ಕೆ ಒಂದು ಅರ್ಥ, ಐವತ್ತಕ್ಕೆ ಇನ್ನೊಂದು ಅರ್ಥ ಕೊಡುವ ಪುಸ್ತಕವನ್ನು ಯಾವ ಹೆದರಿಕೆಯೂ ಇಲ್ಲದೆ ಶ್ರೇಷ್ಠವೆನ್ನಬಹುದು.

ಷಾರ್ಲೆಟ್ ಬ್ರಾಂಟೆಗೆ ಆಸ್ಟೆನ್ ಅಷ್ಟಾಗಿ ಹಿಡಿಸಲಿಲ್ಲ. ಒಪ್ಪವಾಗಿ ಬೇಲಿ ಹಾಕಿದ ತೋಟದಂತಿದೆ, ಗಾಳಿಯಿಲ್ಲ ಎಂಬುದು ಅವಳ ಆಕ್ಷೇಪಣೆ. ಅವಳ ಜೇನ್ ಐರ್‌ಗೆ ಕಳೆದುಕೊಳ್ಳಲು ಮನೆಯೇ ಇಲ್ಲ. ಅತ್ತೆಯ ಮನೆಯಲ್ಲಿ ಬೈಸಿಕೊಂಡು, ಅನಾಥರ ಶಾಲೆಯಲ್ಲಿ ಹಸಿದುಕೊಂಡು ಬೆಳೆದ ಹುಡುಗಿ ವರ್ಷಕ್ಕೆ ಮೂವತ್ತು ಪೌಂಡು ಸಂಬಳಕ್ಕೆ ದೊಡ್ಡ ಬಂಗಲೆಯೊಂದರಲ್ಲಿ ಮಗುವಿಗೆ ಪಾಠ ಹೇಳಲು ಸೇರುತ್ತಾಳೆ. ಯಜಮಾನ ರಾಚೆಸ್ಟರ್ ಅವಳನ್ನು ಪ್ರೀತಿಸುತ್ತಾನೆ, ಮದುವೆಗೆ ಚರ್ಚಿಗೂ ಕರೆದೊಯ್ಯುತ್ತಾನೆ. ಆಗ ತಿಳಿಯುತ್ತದೆ: ಅವನಿಗೆ ಹೆಂಡತಿಯಿದ್ದಾಳೆ, ಅವಳು ಹುಚ್ಚಿ, ಆ ಮನೆಯ ಅಟ್ಟದ ಮೇಲೆಯೇ ಬೀಗದೊಳಗಿದ್ದಾಳೆ. ಜೇನ್ ರಾತ್ರೋರಾತ್ರಿ ಮನೆ ಬಿಡುತ್ತಾಳೆ. ಮುಂದೆ ಚಿಕ್ಕಪ್ಪನ ಇಪ್ಪತ್ತು ಸಾವಿರ ಪೌಂಡು ಆಸ್ತಿ ಬಂದಾಗ ಅದನ್ನು ತನ್ನ ಮೂವರು ಬಂಧುಗಳೊಡನೆ ಸಮನಾಗಿ ಹಂಚಿಕೊಂಡು, ಸ್ವಂತ ದುಡ್ಡಿನ ಹೆಂಗಸಾಗಿ ರಾಚೆಸ್ಟರನ ಬಳಿಗೆ ಹಿಂತಿರುಗುತ್ತಾಳೆ. ಮದುವೆಗೆ ಮೊದಲು ಹೆಣ್ಣಿನ ಕೈಯಲ್ಲಿ ನಾಲ್ಕು ಕಾಸಿರಬೇಕು ಎಂದು ಇಷ್ಟು ನೇರವಾಗಿ ಹೇಳಿದ ಪ್ರೇಮಕಥೆ ಅದಕ್ಕೆ ಹಿಂದೆ ಇತ್ತೆಂದು ನನಗೆ ತೋರುವುದಿಲ್ಲ.

ಆದರೆ ನನ್ನ ಮೊಮ್ಮಗಳ ಪ್ರಶ್ನೆ ಇಲ್ಲಿ ಅಡ್ಡ ಬಂದು ನಿಲ್ಲುತ್ತದೆ. ಅಟ್ಟದ ಮೇಲಿನ ಆ ಬರ್ಥಾ ಜಮೈಕಾದಿಂದ ಬಂದವಳು. ರಾಚೆಸ್ಟರನಿಗೆ ಅವಳಿಂದ ಬಂದ ವರದಕ್ಷಿಣೆ ಮೂವತ್ತು ಸಾವಿರ ಪೌಂಡು. ಮೂವತ್ತು ಪೌಂಡು ಸಂಬಳದವಳ ಕಥೆಯನ್ನು ನಾವು ಅವಳ ಬಾಯಿಂದಲೇ ಪುಟಪುಟವಾಗಿ ಕೇಳುತ್ತೇವೆ. ಮೂವತ್ತು ಸಾವಿರ ತಂದವಳ ಬಾಯಿಂದ ನೇರವಾಗಿ ಒಂದು ಮಾತನ್ನೂ ಕೇಳುವುದಿಲ್ಲ. ಕೇಳುವುದು ನಗು, ಕಿರುಚಾಟ, ಮತ್ತು ಗಂಡ ಹೇಳಿದ ದೂರು. ಕೊನೆಗೆ ಅವಳು ಮನೆಗೆ ಬೆಂಕಿಯಿಟ್ಟು ಮಾಳಿಗೆಯಿಂದ ಹಾರಿ ಸಾಯುತ್ತಾಳೆ. ಜೇನ್‌ಳ ದಾರಿ ತೆರವಾಗುತ್ತದೆ. ಒಬ್ಬ ಹೆಣ್ಣಿಗೆ ಸೂರು ದೊರಕಿಸಲು ಇನ್ನೊಬ್ಬ ಹೆಣ್ಣನ್ನು ಸೂರಿನಿಂದ ಕೆಳಗೆ ಕೆಡವಬೇಕಾಯಿತಲ್ಲ, ಇದು ಈ ಮಹಾ ಕಾದಂಬರಿಯ ದೊಡ್ಡ ಕುರುಡು.

ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಬರೆದ ಮೇರಿ ಆನ್ ಇವಾನ್ಸ್ ಕೂಡ ಇದೇ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ. ಅವಳ 'ದಿ ಮಿಲ್ ಆನ್ ದಿ ಫ್ಲಾಸ್' (1860) ಅಣ್ಣತಂಗಿಯರ ಕಥೆ. ಚುರುಕು ಬುದ್ಧಿ ತಂಗಿಯದು. ಸಾಲ ತೀರಿಸಿ ಮನೆ ಉಳಿಸಿಕೊಂಡವನು ಅಣ್ಣ. ತಂಗಿಗೆ ಅಪವಾದ ಬಂದ ದಿನ, ಈ ಮನೆಯಲ್ಲಿ ನಿನಗೆ ಜಾಗವಿಲ್ಲ ಎಂದು ಬಾಗಿಲಲ್ಲೇ ತಡೆಯುತ್ತಾನೆ. ಮದುವೆಯಿಲ್ಲದೆ ಒಬ್ಬರೊಡನೆ ಸಂಸಾರ ಮಾಡಿದ್ದಕ್ಕಾಗಿ ಲೇಖಕಿಯ ಸ್ವಂತ ಅಣ್ಣನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವಳೊಡನೆ ಮಾತು ಬಿಟ್ಟಿದ್ದ. ಕೊನೆಗೆ ಪ್ರವಾಹ ತಂದು ಇಬ್ಬರನ್ನೂ ಮುಳುಗಿಸಿದ್ದು ಕಥೆಗಾರಿಕೆಯ ದೌರ್ಬಲ್ಯ ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೂ ಆ ಬಾಗಿಲಿನ ದೃಶ್ಯವನ್ನು ಯಾವ ಪ್ರವಾಹವೂ ಕೊಚ್ಚಿಕೊಂಡು ಹೋಗುವುದಿಲ್ಲ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. 1950-60ರ ದಶಕಗಳಲ್ಲಿ ಕನ್ನಡದಲ್ಲಿ ಲೇಖಕಿಯರ ಒಂದು ಪೀಳಿಗೆಯೇ ಎದ್ದು ಬಂತು: ತ್ರಿವೇಣಿ, ಎಂ. ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ. ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಇವರ ಪುಸ್ತಕಗಳಿಗೆ ಸರದಿ ನಿಲ್ಲಬೇಕಿತ್ತು. ರಟ್ಟು ಕಿತ್ತುಹೋಗುವವರೆಗೂ ಕೈಯಿಂದ ಕೈಗೆ ಹೋಗುತ್ತಿದ್ದವು. ಕೆಲವು ಪಂಡಿತರು ಇದಕ್ಕೆ 'ಅಡಿಗೆಮನೆ ಸಾಹಿತ್ಯ' ಎಂದು ಹೆಸರಿಟ್ಟರು. ಡ್ರಾಯಿಂಗ್ ರೂಮಿನಲ್ಲಿ ಕೂತು ಮದುವೆ, ಆಸ್ತಿ, ಅಳಿಯ ಎಂದು ಮಾತಾಡಿದರೆ ಅದು ವಿಶ್ವಸಾಹಿತ್ಯ. ಅದೇ ಮಾತನ್ನು ಒಲೆಯ ಮುಂದೆ ಕೂತು ಆಡಿದರೆ ಅಡಿಗೆಮನೆ ಸಾಹಿತ್ಯ! ಈ ತಕ್ಕಡಿಯಲ್ಲಿ ಎಲ್ಲೋ ಮೋಸವಿದೆ.

ತ್ರಿವೇಣಿಯವರ ನಿಜವಾದ ಹೆಸರು ಅನಸೂಯಾ ಶಂಕರ್. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದರು. 'ಇಂಗ್ಲಿಷ್ ಗೀತಗಳು' ಕೊಟ್ಟ ಆಚಾರ್ಯ ಬಿ.ಎಂ.ಶ್ರೀ. ಇವರ ದೊಡ್ಡಪ್ಪ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದರು. 1953ರಲ್ಲಿ ಬಂದ 'ಅಪಸ್ವರ' ಮೊದಲ್ಗೊಂಡು ಹತ್ತೇ ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದು, 1963ರ ಜುಲೈನಲ್ಲಿ, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಮೂವತ್ತೈದೂ ತುಂಬಿರಲಿಲ್ಲ. ಷಾರ್ಲೆಟ್ ಬ್ರಾಂಟೆ ಸತ್ತದ್ದೂ ಬಸುರಿಯಾಗಿದ್ದಾಗ, ಮೂವತ್ತೆಂಟರಲ್ಲಿ. ಬರೆಯುವ ಹೆಣ್ಣಿಗೂ ಹೆರುವ ಹೆಣ್ಣಿಗೂ ದೇಹ ಒಂದೇ ಎಂಬುದನ್ನು ಸಾಹಿತ್ಯ ಚರಿತ್ರೆ ಮರೆಯಬಾರದು.

'ಬೆಳ್ಳಿಮೋಡ'ವನ್ನು ಆಸ್ಟೆನ್ನಳ ಪಕ್ಕದಲ್ಲಿಟ್ಟು ನೋಡಿ. ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳಿಗೆ ಗೊತ್ತಾದ ವರ ಮೋಹನ್ ಅವಳ ತಂದೆಯ ಹಣದಿಂದಲೇ ವಿದೇಶಕ್ಕೆ ಹೋಗಿ ಓದುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಎಸ್ಟೇಟು ಇನ್ನು ಅವಳದಲ್ಲ. ಹಾಗೆಂದು ಗೊತ್ತಾದ ಕೂಡಲೇ ಮೋಹನನ ಪ್ರೀತಿಯೂ ಅವಳದಲ್ಲ. ಅಲ್ಲಿ ನಾಲ್ಕು ವರ್ಷದ ಹುಡುಗ, ಇಲ್ಲಿ ತೊಟ್ಟಿಲ ಕೂಸು. ಏನೂ ಅರಿಯದ ಒಂದು ಗಂಡು ಮಗು ಹೆಂಗಸರ ಹಣೆಬರಹವನ್ನು ತಿರುವಿ ಹಾಕುತ್ತದೆ. ಆದರೆ ಆಸ್ಟೆನ್ನಳ ನಾಯಕಿಯರಿಗೆಲ್ಲ ಕೊನೆಯ ಪುಟದಲ್ಲಿ ಮದುವೆ ಕಾದಿರುತ್ತದೆ. ತ್ರಿವೇಣಿಯವರ ಇಂದಿರಾ, ಪಶ್ಚಾತ್ತಾಪಪಟ್ಟು ಮರಳಿ ಬಂದ ಮೋಹನನನ್ನು ಬೇಡವೆನ್ನುತ್ತಾಳೆ. ಅವನ ಕಾಯಿಲೆಯಲ್ಲಿ ಶುಶ್ರೂಷೆ ಮಾಡುತ್ತಾಳೆ, ತಮ್ಮನನ್ನು ತಾಯಂತೆ ಸಾಕುತ್ತಾಳೆ, ಮದುವೆ ಮಾತ್ರ ಬೇಡ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಿತ್ರ ಮಾಡಿದಾಗ ಕಲ್ಪನಾ ಆ ನಿರಾಕರಣೆಗೆ ಒಂದು ಮುಖ ಕೊಟ್ಟರು. ನಮ್ಮ ವಯಸ್ಸಿನವರು ಅದನ್ನಿನ್ನೂ ಮರೆತಿಲ್ಲ.

'ಶರಪಂಜರ' ಅಟ್ಟದ ಬಾಗಿಲನ್ನೇ ತೆರೆಯುತ್ತದೆ. ಕಾವೇರಿ ಒಳ್ಳೆಯ ಮನೆಯ ಸೊಸೆ, ಗಂಡನ ಮುದ್ದಿನ ಹೆಂಡತಿ, ತಾಯಿ. ಬಾಣಂತಿತನದಲ್ಲಿ ಬುದ್ಧಿಭ್ರಮಣೆಯಾಗುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಥೆಯ ನಿಜವಾದ ಸಂಕಟ ಶುರುವಾಗುವುದು ಆಮೇಲೆ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡನ ಮನಸ್ಸು ಬೇರೆಡೆಗೆ ತಿರುಗಿದೆ. ಗುಣವಾದ ಹೆಣ್ಣನ್ನು ಒಂದು ಮನೆ ಮತ್ತೆ ಹುಚ್ಚಿಯನ್ನಾಗಿ ಮಾಡಿ ಆಸ್ಪತ್ರೆಗೆ ಹಿಂತಿರುಗಿಸುತ್ತದೆ. ಬರ್ಥಾಳ ಕಥೆಯನ್ನು ಅವಳ ಕಡೆಯಿಂದ ಹೇಳಿದ ಜೀನ್ ರೀಸಳ 'ವೈಡ್ ಸರ್ಗಾಸೊ ಸೀ' ಬಂದದ್ದು 1966ರಲ್ಲಿ. ಇಂಗ್ಲಿಷ್ ಜಗತ್ತು ಅದನ್ನು ಹೊಸ ದೃಷ್ಟಿಯೆಂದು ಕೊಂಡಾಡಿತು, ಸರಿಯಾಗಿಯೇ ಕೊಂಡಾಡಿತು. ಆದರೆ ಅದಕ್ಕೂ ಮೊದಲೇ ಮೈಸೂರಿನಲ್ಲಿ ಕೂತು ತ್ರಿವೇಣಿಯವರು ಆ 'ಹುಚ್ಚಿ'ಯನ್ನು ಅಟ್ಟದಿಂದ ಇಳಿಸಿ ನಡುಮನೆಯಲ್ಲಿ ಕೂರಿಸಿದ್ದರು.

ತ್ರಿವೇಣಿಯವರಲ್ಲಿ ಕೊರತೆಗಳಿಲ್ಲವೆಂದಲ್ಲ. ಅವಸರ ಇದೆ. ಪಾತ್ರದ ಮನಸ್ಸನ್ನು ತೋರಿಸುವ ಬದಲು ಕೆಲವೆಡೆ ವೈದ್ಯರ ವರದಿಯಂತೆ ವಿವರಿಸಿಬಿಡುತ್ತಾರೆ. ಜಾರ್ಜ್ ಎಲಿಯಟ್ಟಳ ಹಾಗೆ ಒಂದು ಊರನ್ನೇ ಕಣ್ಣಮುಂದೆ ನಿಲ್ಲಿಸುವ ವಿಸ್ತಾರ ಇಲ್ಲಿಲ್ಲ. ಆಸ್ಟೆನ್ನಳ ಹಾಸ್ಯವೂ ಇಲ್ಲ. ಮತ್ತೊಂದು ದೋಷ ಎಲ್ಲರಿಗೂ ಸಮಾನ: ಈ ಮನೆಗಳಲ್ಲಿ ಪಾತ್ರೆ ತಿಕ್ಕುವವಳ ಸೂರು ಎಲ್ಲಿದೆ ಎಂದು ಇಂಗ್ಲೆಂಡಿನವರೂ ಹೆಚ್ಚು ಕೇಳಲಿಲ್ಲ, ನಮ್ಮವರೂ ಕೇಳಲಿಲ್ಲ. ಆದರೆ ಗುಣವಾದ ಮೇಲೂ ಗುಣವಾಗಿಲ್ಲವೆಂದು ನೋಡುವ ಮನೆಮಂದಿಯ ಆ ಕಣ್ಣನ್ನು ತ್ರಿವೇಣಿಯವರಷ್ಟು ಹತ್ತಿರದಿಂದ ಕಂಡವರು ವಿರಳ. ಮದರಾಸಿನಲ್ಲಿ ಈಗಲೂ 'ಕೀಳ್ಪಾಕ್' ಎಂಬ ಒಂದೇ ಮಾತಿನಲ್ಲಿ ಒಬ್ಬರನ್ನು ತಮಾಷೆಯ ವಸ್ತು ಮಾಡುತ್ತಾರೆ. ಅಲ್ಲಿ ಒಂದು ಮಾನಸಿಕ ಆಸ್ಪತ್ರೆಯಿದೆ ಎಂಬುದಷ್ಟೇ ಆ ಊರು ಮಾಡಿದ ತಪ್ಪು. ಆ ಮಾತು ನಿಲ್ಲುವವರೆಗೆ 'ಶರಪಂಜರ' ಹಳೆಯದಾಗುವುದಿಲ್ಲ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನೂ (1976) ಇಲ್ಲಿ ನೆನೆಯಬೇಕು. ಹೆಚ್ಚು ಶಾಲೆ ಕಾಣದ, ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯತೊಡಗಿದ ಇಂದಿರಾ ಅವರು ಮಲೆನಾಡಿನ ದೊಡ್ಡ ಮನೆಯಲ್ಲಿ ಬಾಲವಿಧವೆಯಾಗಿ ಮುದುಕಿಯಾದವಳ ಕಥೆ ಹೇಳಿದರು. ಆ ಮನೆಯ ಯಾವ ಮೂಲೆಯೂ ಅವಳದಲ್ಲ, ಅವಳ ಕೈ ತಗಲದ ಕೆಲಸ ಯಾವುದೂ ಅಲ್ಲಿಲ್ಲ. ಅವಳು ಪ್ರತಿಭಟಿಸುವುದಿಲ್ಲ, ಆದರೆ ಪ್ರತಿಭಟಿಸಿದ ಚಿಕ್ಕವಳ ಪರವಾಗಿ ಒಂದು ಮಾತಾಡುತ್ತಾಳೆ. ಆ ಒಂದು ಮಾತಿನ ತೂಕ ಇಡೀ ಪುಸ್ತಕದ ತೂಕ.

ಕಾನೂನು ನಿಧಾನವಾಗಿ ಕಾದಂಬರಿಯ ಹಿಂದೆ ಬಂದಿದೆ. ಹೆಂಡತಿಯ ಆಸ್ತಿ ಹೆಂಡತಿಯದೇ ಎಂದು ಇಂಗ್ಲೆಂಡ್ ಪೂರ್ತಿಯಾಗಿ ಒಪ್ಪಿದ್ದು 1882ರಲ್ಲಿ, ಆಸ್ಟೆನ್ ಸತ್ತು ಅರುವತ್ತೈದು ವರ್ಷಗಳಾದ ಮೇಲೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರಿಗೆ ಕೆಲವು ಆಸ್ತಿ ಹಕ್ಕುಗಳನ್ನು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಗನಷ್ಟೇ ಮಗಳಿಗೂ ಪಾಲೆಂದು ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ತಿದ್ದಿಕೊಂಡವು. ಹಾಗಾದರೆ ಪ್ರಶ್ನೆ ಮುಗಿಯಿತೆ? ಪಾಲು ಕೇಳಿದ ತಂಗಿಗೆ ತವರಿನಲ್ಲಿ ಮೊದಲಿನಂತೆ ಎಲೆ ಹಾಕುತ್ತಾರೆಯೆ ಎಂದು ನಮ್ಮ ನಮ್ಮ ಮನೆಗಳನ್ನೇ ಕೇಳಿಕೊಳ್ಳಬೇಕು. ಕಾನೂನು ಪತ್ರದಲ್ಲಿ ಹೆಸರು ಸೇರಿಸಬಹುದು. ಹೊಸ್ತಿಲಿನ ಮೇಲಿನ ಸಂಕೋಚವನ್ನು ಅಳಿಸುವ ಕೆಲಸ ಅದರ ಕೈಲಾಗದು. ಅಲ್ಲಿಂದ ಮುಂದಿನದು ಕಾದಂಬರಿಯ ಕೆಲಸ.

ವಲಸೆ ಬಂದ ನಮಗೆ ಈ ಪ್ರಶ್ನೆ ಇಮ್ಮಡಿಯಾಗಿದೆ. 1978ರಲ್ಲಿ ಗಂಡನ ಕಾರ್ಖಾನೆಯ ಕೆಲಸದ ಹಿಂದೆ ನಾನು ಅಂಬತ್ತೂರಿಗೆ ಬಂದಾಗ, ನಮ್ಮ ಊರಿನ ಕಡೆಗೆ ಹೋಗುವ ಬೃಂದಾವನ ಎಕ್ಸ್‌ಪ್ರೆಸ್ಸು ಈ ಸ್ಟೇಷನ್ನಿನಲ್ಲಿ ನಿಲ್ಲದೆ ದಡದಡನೆ ದಾಟಿ ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ನನ್ನ ಮನೆ ಯಾವುದು, ಅದೋ ಇದೋ? ಆಗ ಟ್ರಂಕಿನ ತಳದಲ್ಲಿ ತಂದಿದ್ದ ನಾಲ್ಕು ಕಾದಂಬರಿಗಳು ನನ್ನ ಕೈ ಹಿಡಿದವು. ಅವು ಇದ್ದ ಕಡೆ ಮನೆ ಎಂದು ತೋರಿತು. ಆ ಮನೆಯ ಬೀಗದ ಕೈಯನ್ನೇ ನನ್ನ ಮೊಮ್ಮಗಳಿಗೆ ಕೊಡಲು ನಾನು ಮರೆತಿದ್ದೆ. ಇಂಗ್ಲಿಷ್ ಪುಸ್ತಕಗಳನ್ನು ದೂರಿ ಫಲವಿಲ್ಲ. 'ಶರಪಂಜರ' ಬೇಕೆಂಬ ಹಸಿವನ್ನು ಅವಳಲ್ಲಿ ಹುಟ್ಟಿಸಿದ್ದು 'ಜೇನ್ ಐರ್' ತಾನೆ?

ಆದ್ದರಿಂದ ಸಂಘದ ತಾಯಂದಿರಲ್ಲಿ, ಅಜ್ಜಿಯರಲ್ಲಿ ಒಂದು ವಿನಂತಿ. ಮಕ್ಕಳ ಕೈಯಿಂದ ಆಸ್ಟೆನ್, ಬ್ರಾಂಟೆಯರನ್ನು ಕಸಿದುಕೊಳ್ಳಬೇಡಿ. ಅವರ ಪಕ್ಕದಲ್ಲಿ ಕೂತು ನಮ್ಮ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳಿ. ನಾನು ದಿನವೂ ರಾತ್ರಿ ಊಟವಾದ ಮೇಲೆ 'ಶರಪಂಜರ'ವನ್ನು ಓದಿ ಹೇಳತೊಡಗಿದೆ. ಕಥೆಗೆ ಕಾವೇರಿದ ಜಾಗದಲ್ಲಿ, ಕಣ್ಣು ನೋಯುತ್ತದೆ, ಮುಂದಿನದನ್ನು ನೀನೇ ಓದಿಕೋ ಎಂದು ನಿಲ್ಲಿಸಿಬಿಟ್ಟೆ. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರುದಿನ ತಾನೇ ಕಾಗದ, ಪೆನ್ಸಿಲು ತಂದು ಅ ಆ ಇ ಈ ಬರೆಸಿಕೊಂಡಳು. ತಮಿಳಿನಲ್ಲಿ ಒತ್ತಕ್ಷರದ ಕಾಟವಿಲ್ಲ. ಹೀಗಾಗಿ ಮುಖಪುಟದ ಮೇಲಿನ 'ತ್ರಿವೇಣಿ'ಯಲ್ಲೇ ಮೊದಲು ಎಡವಿದಳು. ಈಗ ಬೆರಳಿಟ್ಟು ದಿನಕ್ಕೆ ಒಂದು ಪುಟ ಓದುತ್ತಾಳೆ. ಕೊನೆಗೆ ಏನಾಗುತ್ತದೆ ಎಂದು ಎಷ್ಟು ಕಾಡಿದರೂ ನಾನಿನ್ನೂ ಹೇಳಿಲ್ಲ.